ದಾರಿಗೆ ಕೇಳಿಸದಂತೆ

ಬಸ್ಸು ಬಿಂಡಿಗನವಿಲೆ ಬಿಟ್ಟು ಹುಣಿಸೆಮರಗಳ ಸಾಲಿಗೆ ಬಂದ ಮೇಲೆ, ತಾನು ಬೆಳಿಗ್ಗೆ ಬಾಗಿಲಲ್ಲೇ ಒಂದು ಸುಳ್ಳು ಹೇಳಿ ಬಂದಿದ್ದೇನೆ ಎಂಬುದು ಕೀರ್ತನಳಿಗೆ ಹೊಳೆಯಿತು. ಅದನ್ನು ಸುಳ್ಳು ಎಂದು ಕರೆಯಬೇಕೋ ಬೇಡವೋ, ಅದೂ ತಿಳಿಯಲಿಲ್ಲ. ಎದುರುಮನೆಯ ದೊಡ್ಡತಾಯಮ್ಮ ಬಾಗಿಲಿಗೆ ನೀರು ಹಾಕಿ ಸೊಂಟ ಹಿಡಿದುಕೊಂಡು ನಿಂತಿದ್ದಳು. "ಎಲ್ಲಿಗವ್ವಾ ಇಷ್ಟೊತ್ಗೇ ಸೀರೆ ಉಟ್ಕಂಡು ಹೊಂಟ್ಬುಟ್ಟೆ?" ಎಂದಳು. "ಇಲ್ಲೇ ನಾಗಮಂಗಲಕ್ಕೆ ದೊಡ್ಡಮ್ಮ" ಎಂದು ಕೀರ್ತನ ಚಪ್ಪಲಿ ಮೆಟ್ಟಿದ್ದಳು. ಹೋಗಬೇಕಾದದ್ದು ಕೆ.ಆರ್. ಪೇಟೆಗೆ. ನಾಗಮಂಗಲದಲ್ಲಿ ಬಸ್ಸು ಬದಲಾಯಿಸುವುದಿತ್ತು, ಆದ್ದರಿಂದ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ದೊಡ್ಡತಾಯಮ್ಮನಿಂದ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಕೆ.ಆರ್. ಪೇಟೆಯಲ್ಲಿ ಇವತ್ತು ಲಾರಿಗಳ ಯೋಜನೆಯ ಸಭೆ ಇದೆಯೆಂದು ಅಜ್ಜಿ ಓಣಿಗೆಲ್ಲ ಸಾರಿ ಮೂರು ದಿನವಾಗಿತ್ತು. ಆದರೂ ಕೇಳಿದ ಕ್ಷಣದಲ್ಲಿ ನಾಲಿಗೆ ತಾನಾಗಿ ಹತ್ತಿರದ ಊರನ್ನು ಆರಿಸಿಕೊಂಡುಬಿಟ್ಟಿತ್ತು, ಗುಡಿಯ ಮುಂದೆ ಹಾಯುವಾಗ ಕೈ ತಾನಾಗಿ ಎದೆಗೆ ಹೋಗುತ್ತದಲ್ಲ, ಹಾಗೆ. ಕಿಟಕಿಯ ಕಂಬಿಗೆ ತಲೆಯಿಟ್ಟು ಅವಳು ಇದನ್ನೇ ನೆನೆಸಿಕೊಂಡು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಒಂದು ತಿಂಗಳಿಡೀ ಸಮೀಕ್ಷೆಗೆಂದು ತಾನು ಲಾರಿ ಡ್ರೈವರುಗಳನ್ನು ಕೇಳಿದ್ದೂ ಇದೇ ಪ್ರಶ್ನೆಯನ್ನಲ್ಲವೆ?

ಒಂದೂರಲ್ಲಿ ಒಬ್ಬ ಬೆಲ್ಲದ ಗಾಡಿಯವನಿದ್ದ ಎಂದು ಅಜ್ಜಿ ಶುರುಮಾಡುತ್ತಿದ್ದಳು. ಮಗಳ ಬಾಣಂತನಕ್ಕೆ ಗಾಡಿ ತುಂಬ ಬೆಲ್ಲ ಹೇರಿಕೊಂಡು ಹೊರಟವನು ಖುಷಿ ತಡೆಯಲಾರದೆ ಊರ ಬಾಗಿಲಲ್ಲೇ ಕೂಗಿ ಹೇಳಿದನಂತೆ, ನಾನು ಇಂಥ ಊರಿಗೆ ಹೋಗುತ್ತಿದ್ದೇನೆ ಎಂದು. ದಾರಿ ಕೇಳಿಸಿಕೊಂಡಿತು. ಬೆಲ್ಲದ ವಾಸನೆಯೂ ಅದಕ್ಕೆ ಬಡಿದಿತ್ತು. ಅದು ಮೈ ಮುರಿದು ಉದ್ದಕ್ಕೆ ಚಾಚಿಕೊಂಡಿತು. ಗಾಡಿ ನಡೆದಷ್ಟೂ ಚಾಚಿಕೊಂಡಿತು. ಎತ್ತುಗಳಿಗೆ ಮುಪ್ಪು ಬಂತು, ಬೆಲ್ಲ ಕರಗಿ ಚಕ್ರದ ಗುರುತಿನಲ್ಲಿ ಹರಿದು ಹೋಯಿತು. ಕೊನೆಗೆ ಆ ಊರು ಸಿಕ್ಕಾಗ ಒಬ್ಬಳು ಹಣ್ಣುಹಣ್ಣು ಮುದುಕಿ ಅವನಿಗೆ ನೀರು ಕೊಟ್ಟಳು. ಅವಳೇ ಅವನ ಮೊಮ್ಮಗಳು. ಕತೆ ಇಲ್ಲಿಗೆ ಬಂದಾಗ ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದಳು. ದಾರಿಗೆ ಏನು ಹೇಳಬೇಕು ಹಾಗಾದರೆ ಎಂದು ಕೀರ್ತನ ಪ್ರತಿಸಲವೂ ಕೇಳುತ್ತಿದ್ದಳು. "ಅತ್ರದ ಊರು ಏಳು ಕೂಸೇ. ಇಷ್ಟೇ ತಾನೆ ಅಂದ್ಕಂಡು ಅದು ಮನೀಕತದೆ. ಅದು ಮನೀಕಂಡಾಗ ನೀನು ಮೆತ್ಗೆ ದಾಟ್ಕಂಡು ಓಗ್ಬುಡು." ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಯಾರಾದರೂ ಕೇಳಿಬಿಟ್ಟರೆ ಒಳಗೆ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಇದು ಗೊತ್ತಿಲ್ಲದ ಮನೆ ಈ ನಾಲ್ಕು ತಾಲ್ಲೂಕುಗಳಲ್ಲಿ ಇದೆಯೆ? ತನಗೂ ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಹೇಗಿದ್ದೆ? ಆಫೀಸಿನ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಕೂಡಲೆ ಅಜ್ಜಿಯ ಕತೆಗಳೆಲ್ಲ ಇನ್ಯಾರೋ ಹುಡುಗಿಯವಾಗಿಬಿಡುತ್ತವೆಯೆ?

ಆ ದಿನಗಳು ಈಗ ಬೇರೆ ಬಣ್ಣದಲ್ಲಿ ಎದುರಿಗೆ ಬಂದು ನಿಂತವು. ಅಕ್ಕಿಹೆಬ್ಬಾಳಿನಿಂದ ಕೆ.ಆರ್. ಪೇಟೆಗೆ ಬರುವ ರಸ್ತೆಯಲ್ಲಿ, ಊರಿಗೆ ಸ್ವಲ್ಪ ಈಚೆಗೆ, ಗೋಡೌನುಗಳ ಸಾಲು. ಅಲ್ಲಿ ಲಾರಿಗಳು ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿಕೊಂಡು ಹೊರಡುತ್ತವೆ. ರಸ್ತೆಯಲ್ಲಿ ಓಡುವ ಲಾರಿ ನಿಲ್ಲಿಸಬೇಕಾದರೆ ಪೊಲೀಸರು ಬೇಕು, ಪತ್ರ ಬೇಕು, ಬೈಗುಳ ಬೇರೆ. ನಿಂತ ಲಾರಿಗಳನ್ನೇ ಕೇಳಿದರೆ ಸುಲಭ ಎಂದು ಆ ಜಾಗವನ್ನು ಆರಿಸಿದ್ದು ಅವಳೇ. ಬಾಸ್ ರಘುನಂದನ್ ಅದನ್ನು ಮೆಚ್ಚಿಕೊಂಡಿದ್ದರು. ಡ್ರೈವರು ಚಕ್ರದಡಿ ನಿಂಬೆಹಣ್ಣಿಟ್ಟು, ಕರ್ಪೂರ ಹಚ್ಚಿ, ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿ ಕೂರುತ್ತಿದ್ದ. ಸರಿಯಾಗಿ ಆ ಗಳಿಗೆಗೆ ಅವಳು ಟ್ಯಾಬು ಹಿಡಿದು ಕಿಟಕಿಯ ಕೆಳಗೆ ಹಾಜರಾಗುತ್ತಿದ್ದಳು. "ನಮಸ್ಕಾರ ಅಣ್ಣ, ಎಲ್ಲಿಗೆ ಹೋಗ್ತಿದ್ದೀರಿ?" ಮುಖಗಳು ಈಗ ನೆನಪಾದವು. ಇದ್ದಕ್ಕಿದ್ದಂತೆ ಬಾಗಿಲು ಹಾಕಿಕೊಂಡ ಅಂಗಡಿಯ ಹಾಗೆ ಆಗುತ್ತಿದ್ದವು. ಒಬ್ಬ ಏನೂ ಹೇಳದೆ ಕೆಳಗಿಳಿದು, ಮೋರಿಯ ಕಟ್ಟೆಯ ಮೇಲೆ ಕೂತು, ಕ್ಲೀನರನ ಕೈಯಿಂದ ನೀರು ಇಸಿದುಕೊಂಡು ಕುಡಿದಿದ್ದ. ಪಾಪ, ಬಿಸಿಲಿಗೆ ಬಾಯಾರಿದೆ ಎಂದುಕೊಂಡು ಅವಳು ತನ್ನ ಬಾಟಲಿಯನ್ನೂ ಚಾಚಿದ್ದಳು! ಅವನು ಆ ಬಾಟಲಿಯನ್ನೂ ಅವಳನ್ನೂ ನೋಡಿದ ರೀತಿ ನೆನೆದು ಬಸ್ಸಿನಲ್ಲಿ ಕೂತ ಕೀರ್ತನಳ ಕಿವಿ ಬಿಸಿಯಾಯಿತು. ಆಮೇಲೆ ಅವನು ಹೊಸ ನಿಂಬೆಹಣ್ಣಿಟ್ಟು ಗಾಡಿ ಹತ್ತಿ, ರಸ್ತೆಯ ಕಡೆಗೇ ಮುಖ ಮಾಡಿಕೊಂಡು, "ಇಲ್ಲೇ ಕೆ.ಆರ್. ಪ್ಯಾಟೆಗೆ ಕಣಮ್ಮ" ಎಂದಿದ್ದ. ಲಾರಿಯ ಹಿಂದೆ ಕೇರಳದ ನಂಬರು ಇತ್ತು. ಅದು ಕಣ್ಣಿಗೆ ಬಿದ್ದಿತ್ತೆ ಅಥವಾ ಈಗ ತಾನೇ ಅದಕ್ಕೆ ಬಳಿಯುತ್ತಿದ್ದೇನೆಯೆ?

ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅವಳು ರಘುನಂದನ್‌ಗೆ ಫೋನು ಮಾಡಿದಳು. ಅವರು ಆಗಲೇ ಮೈಸೂರು ಬಿಟ್ಟಿದ್ದರು.

"ಸರ್, ಒಂದು ಡೌಟು."

"ಕೀರ್ತನ, ಸಭೆಯ ದಿನ ಡೌಟು ಬರಬಾರದು ಅಂತ ನಿಮಗೆ ಎಷ್ಟು ಸಲ ಹೇಳಿದೀನಿ?" ಅವರು ನಗುತ್ತಲೇ ಹೇಳಿದರು. "ಬಂದರೂ ಬಾಯಿಗೆ ಬರಬಾರದು."

"ಡೇಟಾನೇ ಸರಿ ಇಲ್ವೇನೋ ಅಂತ."

"ಮಾಡೆಲ್ಲಿಗೆ ಹೊಂದಿದೆಯಲ್ಲ. ಸರಿ ಇಲ್ಲದೇ ಇದ್ದಿದ್ರೆ ಹೊಂದ್ತಾ ಇರಲಿಲ್ಲ. ಊಟಕ್ಕೆ ನಿಮ್ಮ ಮಾವನ ಮನೆಗೆ ಹೋಗ್ತೀರಂತಲ್ಲ, ಹೋಗಿ ಬನ್ನಿ, ಮೂರು ಗಂಟೆಗೆ ಹಾಲ್ ಹತ್ರ ಸಿಗೋಣ."

ಹೊಂದಿದ್ದು ಹೇಗೆ ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಊರಿಗೂ ಒಂದು ಸೆಳೆತವಿದೆ ಎಂದು ಕಂಪ್ಯೂಟರಿನ ಆ ಮಾಡೆಲ್ಲು ನಂಬುತ್ತದೆ. ಊರು ದೊಡ್ಡದಾದಷ್ಟೂ ಲಾರಿಗಳನ್ನು ಎಳೆದುಕೊಳ್ಳುತ್ತದೆ, ದೂರವಾದಷ್ಟೂ ಬಿಡುತ್ತದೆ. ಮೊದಲ ಸಲ ಇದನ್ನು ಓದಿದಾಗ ಇದು ಅಜ್ಜಿ ಹೇಳಿದ ಕತೆಯ ಹಾಗೇ ಇದೆಯಲ್ಲ ಎಂದು ಅವಳಿಗೆ ಖುಷಿಯಾಗಿತ್ತು, ಊರುಗಳು ಕೂತಲ್ಲೇ ಕೂತು ಗಾಡಿಗಳನ್ನು ಕರೆಯುವುದು. ಆದರೆ ಕೆ.ಆರ್. ಪೇಟೆಯ ವಿಷಯದಲ್ಲಿ ಲೆಕ್ಕ ಕೂಡಿಬರಲೇ ಇಲ್ಲ. ಅಷ್ಟು ಸಣ್ಣ ಊರು ಅಷ್ಟೊಂದು ಲಾರಿಗಳನ್ನು ಎಳೆಯುವಂತಿಲ್ಲ ಎಂದು ಮಾಡೆಲ್ಲು ಹಟ ಹಿಡಿದಿತ್ತು. ರಘುನಂದನ್ ಒಂದು ಸಂಜೆ ಆ ಊರಿನ ಸೆಳೆತವನ್ನು ಹೆಚ್ಚಿಸುತ್ತಾ ಹೋದರು, ರೇಡಿಯೋದ ತಿರುಪು ತಿರುಗಿಸುವ ಹಾಗೆ. ಒಂದು ಕಡೆ ಎಲ್ಲವೂ ಟಕ್ಕೆಂದು ಕೂತಿತು. "ಅಬ್ಬಾ, ಈ ಊರಿಗೆ ಹಸಿವು ಜಾಸ್ತಿ" ಎಂದಿದ್ದರು ಅವರು. ನಕ್ಷೆಯಲ್ಲಿ ಅಕ್ಕಿಹೆಬ್ಬಾಳಿನ ಕಡೆಯಿಂದ ಬಂದ ದಪ್ಪ ಕೆಂಪು ಗೆರೆ ಊರೊಳಗೆ ಬಂದು ಮುಗಿದುಹೋಗುತ್ತಿತ್ತು. ಅದಕ್ಕೇ ಯೋಜನೆ. ದೊಡ್ಡ ಲಾರಿಗಳು ಹಗಲು ಹೊತ್ತು ಪೇಟೆಬೀದಿಗೆ ನುಗ್ಗುವಂತಿಲ್ಲ. ಊರಾಚೆ, ಅಕ್ಕಿಹೆಬ್ಬಾಳಿನ ರಸ್ತೆಯ ಬಂಜರಿನಲ್ಲಿ ದೊಡ್ಡದೊಂದು ಲಾರಿ ನಿಲ್ದಾಣ. ಅಲ್ಲಿ ಸರಕು ಇಳಿಸಿ ಚಿಕ್ಕ ಗಾಡಿಗಳಲ್ಲಿ ಒಳಗೆ ತರುವುದು. ಆ ಬಂಜರಿಗೆ ತಾಗಿಕೊಂಡೇ ಲಕ್ಷ್ಮಣ ಮಾವನ ಶೆಡ್ಡು.

ಲಕ್ಷ್ಮಣ ಮಾವ ಅಜ್ಜಿಯ ಒಬ್ಬನೇ ಮಗ. ತಾತ ಎತ್ತಿನಗಾಡಿಗೆ ಚಕ್ರ ಕೂರಿಸುತ್ತಿದ್ದರು. ಮಾವ ಲಾರಿಗಳಿಗೆ ಮರದ ಬಾಡಿ ಕಟ್ಟುವ ಬಡಗಿಯಾದ. ಒಂದು ಕಾಲಕ್ಕೆ ಈ ಸುತ್ತಿನ ಲಾರಿಗಳ ಬೆನ್ನ ಮೇಲೆಲ್ಲ ಅವನ ಕೈಯ ಹಲಗೆಗಳೇ. ಈಗ ಬಾಡಿಗಳೆಲ್ಲ ಕಬ್ಬಿಣದವು, ಕಟ್ಟಿಯೇ ಬರುತ್ತವೆ. ಶೆಡ್ಡಿಗೆ ಬರುವುದು ಮುರಿದ ಹಲಗೆ, ಟ್ರಾಕ್ಟರಿನ ಟ್ರೈಲರು, ಯಾರದೋ ಮನೆಯ ಕಿತ್ತ ಬಾಗಿಲು. ಶ್ರೀರಂಗಪಟ್ಟಣದಲ್ಲಿ ಕಿಟಕಿ ಬಾಗಿಲು ಮಾಡುವ ಒಂದು ಕಾರ್ಖಾನೆಯವರು ಅವನನ್ನು ಹೆಡ್ ಬಡಗಿಯಾಗಿ ಬಾ ಎಂದು ಕರೆದಿದ್ದರು. ಹೋಗುವುದೋ ಬಿಡುವುದೋ ಇವತ್ತು ಸಂಜೆಯೊಳಗೆ ಹೇಳಬೇಕಿತ್ತು. ನಿಲ್ದಾಣ ಬಂದರೆ ಲಾರಿಗಳು ಬಾಗಿಲಿಗೇ ಬಂದು ನಿಲ್ಲುತ್ತವೆ, ನಿಂತ ಲಾರಿಗೆ ನೂರು ರಿಪೇರಿ, ಇನ್ನೊಬ್ಬರ ಕೈಕೆಳಗೆ ಯಾಕೆ ಹೋಗಲಿ ಎನ್ನುವುದು ಅವನ ಲೆಕ್ಕ. ಬಾರದಿದ್ದರೆ? ಬಾರದಿರುವ ಮಾತನ್ನು ಅವನು ಆಡುತ್ತಲೇ ಇರಲಿಲ್ಲ. ಆ ಕೆಂಪು ಗೆರೆ ಎಳೆದವಳು ಅವನ ಅಕ್ಕನ ಮಗಳು, ತಾನೇ.

ಕೆ.ಆರ್. ಪೇಟೆಯ ಬಸ್ಸಿನಲ್ಲಿ ಕಂಡಕ್ಟರು ಬಂದು "ಎಲ್ಲಿಗಮ್ಮ?" ಎಂದ. ಅವಳು ಆಧಾರ್ ಕಾರ್ಡು ತೋರಿಸಿ ಕೆ.ಆರ್. ಪೇಟೆ ಎಂದಳು. ನಾಲಿಗೆ ತಡವರಿಸಲಿಲ್ಲ. ಹಾಗಾದರೆ ಕಂಡಕ್ಟರ ಹತ್ತಿರ ಯಾರೂ ಸುಳ್ಳು ಹೇಳುವುದಿಲ್ಲ, ದೊಡ್ಡತಾಯಮ್ಮನ ಹತ್ತಿರ ಹೇಳುತ್ತಾರೆ. ಆ ಡ್ರೈವರುಗಳಿಗೆ ತಾನು ಕಂಡಕ್ಟರಾಗಿ ಕಂಡಿದ್ದೆನೋ ಎದುರುಮನೆಯವಳಾಗಿಯೋ? ಕೆಲವರಿಗೆ ಹಾಗೆ, ಕೆಲವರಿಗೆ ಹೀಗೆ ಕಂಡಿದ್ದರೆ ಯಾರು ಯಾರಿಗೆ ಹೇಗೆಂದು ಬೇರೆ ಮಾಡುವುದು ಹೇಗೆ? ಒಂದು ಬೆಲ್ಲದ ಲಾರಿಯಿಂದ ಹಲ್ಲು ಕಿರಿದು ಕೆ.ಆರ್. ಪೇಟೆ ಎಂದವನು ನಿಜವಾಗಿಯೂ ಅಲ್ಲಿಗೇ ಹೋಗಿರಬಹುದು. ಬಸ್ಸು ಒಂದು ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡು ತೆವಳುತ್ತಿತ್ತು. ಎರಡು ಟ್ರೈಲರುಗಳ ಕಬ್ಬು ರಸ್ತೆಯ ಎರಡೂ ಬದಿಗೆ ಬಾಗಿ ಬೇಲಿಯ ಗಿಡಗಳನ್ನು ಸವರುತ್ತಿತ್ತು. ಇದು ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋಗುವುದು, ಇದರಲ್ಲಿ ಅನುಮಾನವಿಲ್ಲ ಎಂದುಕೊಂಡಳು. ಮುಂದಿನ ತಿರುವಿನಲ್ಲಿ ಟ್ರಾಕ್ಟರು ಒಂದು ಆಲೆಮನೆಯ ಕಡೆಗೆ ತಿರುಗಿಕೊಂಡಿತು.

ಇನ್ನೊಂದು ವಿಷಯವಿತ್ತು. ಅದು ಅವಳ ಮನಸ್ಸಿನ ಅಂಚಿನಲ್ಲೇ ಕೂತು ಒಳಗೆ ಬರಲೋ ಬೇಡವೋ ಎನ್ನುತ್ತಿತ್ತು. ಕೆಲವು ಡ್ರೈವರುಗಳು ಹತ್ತಿರದ ಊರನ್ನೂ ಹೇಳುತ್ತಿರಲಿಲ್ಲ. "ಇಂಗೇ ಮುಂದ್ಕೆ" ಎಂದು ಕೈ ಬೀಸುತ್ತಿದ್ದರು. ಟ್ಯಾಬಿಗೆ ಊರಿನ ಹೆಸರು ಕೊಡದಿದ್ದರೆ ಅದು ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಲಾರಿ ಹೊರಟೇಹೋಗುತ್ತಿತ್ತು, ಹಿಂದೆ ಇನ್ನೊಂದು ಬರುತ್ತಿತ್ತು. ಆಗ ಅವಳು ಕೆ.ಆರ್. ಪೇಟೆ ಎಂದು ಒತ್ತಿದ್ದಳು. ಪಟ್ಟಿಯಲ್ಲಿ ಅದೇ ಮೊದಲಿಗೆ ಬರುತ್ತಿತ್ತಲ್ಲ, ಒತ್ತಿದೆ, ಅಷ್ಟೆ. ಬೆರಳಿಗೆ ಸಿಕ್ಕಿದ್ದನ್ನು ಒತ್ತಿದೆ. ಹೀಗೆ ಹೇಳಿಕೊಂಡ ಮೇಲೆ ಸಮಾಧಾನವಾದಂತಾಗಿ ಅವಳು ಕಣ್ಣು ಮುಚ್ಚಿದಳು.

ಶೆಡ್ಡಿನಲ್ಲಿ ಮಾವ ಅವಳಿಗೋಸ್ಕರ ಕುರ್ಚಿ ಒರೆಸಿಟ್ಟಿದ್ದ. ತಾನು ಮರದ ದಿಮ್ಮಿಯ ಮೇಲೆ ಕೂತ. ಅತ್ತೆ ಬೆಳಿಗ್ಗೆಯೇ ಕಟ್ಟಿಕೊಟ್ಟಿದ್ದ ಮುದ್ದೆ, ಬಸ್ಸಾರು.

"ತಿನ್ನವ್ವ, ತಿನ್ನು. ಅಷ್ಟೊಂದು ಲಾರೀನ ತಲೆಮ್ಯಾಲೆ ಒತ್ಕಂಡು ತಿರುಗ್ತೀಯಲ್ಲ, ಕಡ್ಡಿ ಆಗ್ಬುಟ್ಟಿದ್ದೀಯ. ನಿಮ್ಮಜ್ಜಿ ಎಂಗವ್ಳೆ? ಇನ್ನೂ ಕತೆ ಏಳ್ತಾಳಾ?"

"ಹೇಳ್ತಾರೆ. ಈಗ ನಡುವೆ ಮರೆತುಹೋಗ್ತದೆ."

"ನಂಗೂ ಏಳಿ ಏಳಿ ತಲೆ ಕೆಡ್ಸಿದ್ಲು. ಒಂದ್ ದಪ ಬಾಡಿ ಕಟ್ಟೋವಾಗ ಅದ್ಯಾವ್ದೋ ಆನೆ ಕತೆ ನೆನೀತಾ ಕುಂತು ಹಲಗೆ ಗಿಡ್ಡ ಕೂದ್ಬುಟ್ಟೆ." ಅವನು ಸಾರಿನ ಕೈಯಲ್ಲೇ ಮೂಲೆಯ ಕಡೆಗೆ ತೋರಿಸಿದ. "ನೋಡ್ದಾ ಅಲ್ಲಿ?"

ಮೂಲೆಯಲ್ಲಿ, ಗೋಣಿ ಹೊದಿಸಿಟ್ಟಿದ್ದ ಮತ್ತಿಮರದ ಹಲಗೆಗಳನ್ನು ಬಿಸಿಲು ಬೀಳುವ ಕಡೆಗೆ ಎಳೆದು ಸಾಲಾಗಿ ನಿಲ್ಲಿಸಿದ್ದ. ಧೂಳು ಒರೆಸಿದ್ದ. ಹಳೆಯ ರಟ್ಟಿನ ಅಚ್ಚುಗಳು ಗೋಡೆಗೆ ಏರಿದ್ದವು, ಹುಲಿಯದು, ಕಮಲದ್ದು, ಲಾರಿಯ ಹಣೆಗೆ ಬರೆಯಲು ಕತ್ತರಿಸಿದ್ದವು.

"ಶ್ರೀರಂಗಪಟ್ಣದೋರು ಪೋನ್ ಮಾಡಿದ್ರು ಬೆಳಿಗ್ಗೆ" ಎಂದ ಮಾವ.

"ಏನಂದ್ರಿ?"

"ಇವತ್ತು ಸಬೆ ಐತೆ, ಅದಾದ ಮ್ಯಾಕೆ ಏಳ್ತೀನಿ ಅಂದೆ. ಏನ್ ಸಬೆ ಅಂದ್ರು. ನಮ್ಮ ಸೊಸೆ ಮಾಡ್ತಾವ್ಳೆ, ಲಾರಿಗೊಳ್ಗೆಲ್ಲ ದಾರಿ ಬುಡೋ ಸಬೆ ಅಂದೆ. ಬಾಯಿ ಮುಚ್ಕಂಡ್ರು ಬಡ್ಡೈಕ್ಳು."

ಅವನು ದೊಡ್ಡದಾಗಿ ನಕ್ಕ. ಮಾವ, ಅವು ಇಲ್ಲಿಗೆ ಬರುವ ಲಾರಿಗಳಲ್ಲವೇನೋ, ಎನ್ನುವ ಮಾತು ಅವಳ ಗಂಟಲವರೆಗೆ ಬಂತು. ಮುದ್ದೆಯ ತುತ್ತೂ ಅಲ್ಲೇ ಇತ್ತು. ತುತ್ತನ್ನು ಒಳಗೆ ಕಳಿಸಿದಳು, ಮಾತೂ ಅದರ ಜೊತೆಗೇ ಹೋಯಿತು. ಖಚಿತವಿಲ್ಲದ್ದನ್ನು ಹೇಗೆ ಹೇಳುವುದು? ಅಜ್ಜಿಯ ಒಂದು ಕತೆ ನೆನಪಾಯಿತೆಂದು ಹೇಳುವುದೆ? ಸಭೆಯಲ್ಲಿ ಹೇಳುತ್ತೇನೆ, ಅಲ್ಲಿ ತಿಳಿದವರಿರುತ್ತಾರೆ, ಅವರು ತೀರ್ಮಾನ ಮಾಡಲಿ ಎಂದುಕೊಂಡಳು. ಹಾಗೆಂದುಕೊಂಡದ್ದು ಧೈರ್ಯವೋ ಪುಕ್ಕಲುತನವೋ ಗೊತ್ತಾಗದೆ ಕೈ ತೊಳೆದಳು. ಹೊರಟಾಗ ಮಾವ ಬಾಗಿಲವರೆಗೆ ಬಂದು, ಏನನ್ನೂ ಕೇಳದೆ, ಅವಳ ಸೀರೆಗೆ ಅಂಟಿದ್ದ ಮರದ ಹೊಟ್ಟನ್ನು ಬೆರಳಿಂದ ಕೊಡವಿದ.

ಸಭೆಯ ಹಾಲಿನಲ್ಲಿ ಪರದೆಯ ಮೇಲೆ ನಕ್ಷೆ ಅರಳಿತು. ವರ್ತಕರು, ಲಾರಿ ಮಾಲೀಕರು, ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯ ಅಧಿಕಾರಿ. ರಘುನಂದನ್ ಚೆನ್ನಾಗಿ ಮಾತಾಡಿದರು. ಕೆಂಪು ಗೆರೆ, ಹಸಿರು ಗೆರೆ, ಐದು ವರ್ಷದ ಮೇಲೆ ಹೇಗೆ, ಹತ್ತು ವರ್ಷದ ಮೇಲೆ ಹೇಗೆ. ಪೇಟೆಬೀದಿಯಲ್ಲಿ ಲಾರಿ ಸಿಕ್ಕಿಕೊಂಡು ಶಾಲೆಯ ವ್ಯಾನು ನಿಂತುಬಿಟ್ಟ ಫೋಟೋ ಬಂದಾಗ ಎಲ್ಲರೂ ಹೌದು ಹೌದು ಎಂದರು. ಆಮೇಲೆ ಅವರು ಸಮೀಕ್ಷೆ ಮಾಡಿದ ಟ್ಯಾಬಿನ ಪುಟವನ್ನೇ ದೊಡ್ಡದಾಗಿ ಪರದೆಗೆ ಹಾಕಿದರು, ಎಷ್ಟು ಆಧುನಿಕವಾಗಿ ಕೆಲಸ ಮಾಡಿದ್ದೇವೆ ನೋಡಿ ಎಂದು. ಊರುಗಳ ಪಟ್ಟಿ ಗೋಡೆಯಷ್ಟೆತ್ತರಕ್ಕೆ ನಿಂತಿತು. ಕೀರ್ತನ ಅದನ್ನು ನೋಡಿದಳು. ಮೊದಲ ಹೆಸರು ಅಕ್ಕಿಹೆಬ್ಬಾಳು. ಅದರ ಕೆಳಗೆ ಇನ್ನೂ ಏನೇನೋ. ಕಿಕ್ಕೇರಿ. ಅದನ್ನೂ ದಾಟಿದ ಮೇಲೆ ಕೆ.ಆರ್. ಪೇಟೆ. ಬೆರಳಿಗೆ ಸುಮ್ಮನೆ ಸಿಗುವ ಜಾಗವಲ್ಲ ಅದು. ಪಟ್ಟಿಯನ್ನು ಮೇಲಕ್ಕೆ ಸರಿಸಬೇಕು. ಪ್ರತಿಸಲವೂ ಸರಿಸಬೇಕು. ಸರಿಸಿದ್ದಳು. ಗೋಡೌನುಗಳ ಮುಂದೆ ನಿಂತರೆ ಬಂಜರಿನಾಚೆ ಮಾವನ ಶೆಡ್ಡಿನ ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ಅದೂ ಈಗ ನೆನಪಾಯಿತು.

"ಒಂದು ಮಾತು ಹೇಳಬೇಕು" ಎಂದು ಅವಳು ಎದ್ದು ನಿಂತದ್ದು ಅವಳಿಗೇ ಕೇಳಿಸಿತು. ರಘುನಂದನ್ ಹುಬ್ಬೇರಿಸಿದರು. "ಡ್ರೈವರುಗಳು... ಹೊರಡೋವಾಗ ಎಲ್ಲಿಗೆ ಅಂತ ಕೇಳಿದ್ರೆ ಅವರು ಹೋಗೋ ಊರು ಹೇಳಲ್ಲ ಸರ್. ಹತ್ತಿರದ ಊರು ಹೇಳ್ತಾರೆ. ಅದು ನಮ್ಮ ಕಡೆ ಪದ್ಧತಿ. ನಾನು ಕೇಳಿದ್ದೆಲ್ಲ ಗೋಡೌನಿನ ಮುಂದೆ, ಹೊರಡೋ ಲಾರಿಗಳನ್ನೇ. ಆದ್ದರಿಂದ ಕೆ.ಆರ್. ಪೇಟೆ ಅಂದವರೆಲ್ಲ ಕೆ.ಆರ್. ಪೇಟೆಗೆ ಬಂದಿರಲಾರರು."

ಸಭೆಯೆಲ್ಲ ನಗು. ಅವಮಾನದ ನಗುವಲ್ಲ, ಅದೇ ಕಷ್ಟವಾಗಿತ್ತು. ಮನೆಯ ನಗು.

ಬೆಲ್ಲದ ಮಂಡಿಯ ಚೌಡಯ್ಯ ಕೂತಲ್ಲಿಂದಲೇ ಕೂಗಿದ. "ಯಾಕ್ರಲಾ ನಗ್ತೀರಾ? ಆ ಹೆಣ್ಮಗು ಏಳೋದು ದಿಟ. ನಾನು ಚಪ್ಲಿ ಮೆಟ್ಟೋವಾಗ ನಮ್ಮನೆಯೋಳು ಬಾಯೇ ಬುಡಾಕಿಲ್ಲ. ಬುಟ್ರೆ ಒಳೀಕ್ ಬಂದು ಅರ್ಧ ಗಂಟೆ ಕೂತ್ಕತೀನಿ, ಅಷ್ಟೊತ್ಗೆ ಮಂಡೀನೇ ಮುಚ್ಚೋಗಿರ್ತದೆ!"

"ನಿನ್ ಮಂಡಿ ಮುಚ್ಚೋಕೆ ನಿನ್ ಎಂಡ್ರೇ ಯಾಕೆ ಬೇಕು ಬುಡಣ್ಣೋ" ಎಂದ ಹಿಂದಿನ ಸಾಲಿನವನೊಬ್ಬ. ಅಧಿಕಾರಿಗಳೂ ನಕ್ಕರು. ರಘುನಂದನ್ ಆ ನಗುವಿನ ಮೇಲೆ ಹಗುರವಾಗಿ ಹತ್ತಿ ಕೂತರು. "ಕೀರ್ತನ ಹೇಳಿದ್ದು ಬಹಳ ಮುಖ್ಯವಾದ ವಿಷಯ. ಇದೇ ನೋಡಿ ಸ್ಥಳೀಯರು ತಂಡದಲ್ಲಿರೋದರ ಲಾಭ. ಇದನ್ನ ವರದಿಯಲ್ಲಿ ಸೇರಿಸ್ತೀವಿ. ಇಂಥವರು ಒಂದು ಹದಿನೈದು ಪರ್ಸೆಂಟು ಅಂತ ಇಟ್ಕೊಳ್ಳೋಣ, ತೆಗೆದುಹಾಕಿ ನೋಡೋಣ." ಅವರು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದರು. ಕೆಂಪು ಗೆರೆ ಸ್ವಲ್ಪ ತೆಳ್ಳಗಾಯಿತು. ಆದರೂ ಬೇರೆಲ್ಲ ಗೆರೆಗಳಿಗಿಂತ ಅದೇ ದಪ್ಪ. "ನಿಲ್ದಾಣ ಬೇಕು ಅನ್ನೋದಂತೂ ಬದಲಾಗಲಿಲ್ಲ" ಎಂದರು.

ಹದಿನೈದು ಎಲ್ಲಿಂದ ಬಂತು ಎಂದು ಕೇಳಬೇಕಿತ್ತು. ಉಳಿದದ್ದನ್ನು, ತನ್ನ ಬೆರಳಿನದನ್ನು, ಹೇಳಬೇಕಿತ್ತು. ಅವಳು ನಿಂತೇ ಇದ್ದಳು. ಅಧಿಕಾರಿ ಅವಳ ಕಡೆ ನೋಡಿ, "ಪ್ರಾಮಾಣಿಕವಾಗಿ ಹೇಳಿದ್ರಿ, ವೆರಿ ಗುಡ್, ಕೂತ್ಕೊಳ್ಳಿ" ಎಂದರು. ಯಾರೋ ಚಪ್ಪಾಳೆ ಹೊಡೆದರು. ಅವಳು ಕೂತಳು. ಕೂತ ಕೂಡಲೆ ಮೈಯೆಲ್ಲ ಹರಡಿದ್ದು ನಿರಾಳ. ಬಿಸಿನೀರು ಹೊಯ್ದುಕೊಂಡಂತಹ ನಿರಾಳ. ಅದಕ್ಕಾಗಿ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಹೇಸಿಗೆಯಾಗುತ್ತಲೇ ನಿರಾಳವೂ ಹಾಗೇ ಉಳಿಯಿತು. ಹೇಳಿದೆನಲ್ಲ? ಹೇಳಿದೆ. ಹೇಳಿದ ಮಾತು ಹೇಳದೇ ಇದ್ದುದರ ಮೇಲೆ ಮುಚ್ಚಳವಾಗಿ ಕೂತಿತ್ತು. ನಿಲ್ದಾಣಕ್ಕೆ ಒಪ್ಪಿಗೆಯಾಯಿತು. ಕಾಫಿ, ಖಾರಾಬೂಂದಿ ಬಂತು. ರಘುನಂದನ್ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಇನ್ನೊಂದು ಸಲ ಹೀಗೆ ಮಾಡೋವಾಗ ಮೊದಲೇ ಹೇಳಿ" ಎಂದರು. ಬೆಳಿಗ್ಗೆ ಫೋನು ಮಾಡಿದ್ದೆನಲ್ಲ ಸರ್ ಎನ್ನಲು ಅವಳು ಬಾಯಿ ತೆರೆದಳು. ಅವರು ಆಗಲೇ ಚೌಡಯ್ಯನ ಕೈ ಕುಲುಕುತ್ತಿದ್ದರು.

ಅಕ್ಕಿಹೆಬ್ಬಾಳಿನ ರಸ್ತೆಯಲ್ಲಿ ಶೆಡ್ಡಿನ ಕಡೆಗೆ ನಡೆಯುವಾಗ ಲಾರಿಗಳು ಅವಳ ಪಕ್ಕದಲ್ಲೇ ಹಾದವು. ಒಂದೊಂದರ ಬೆನ್ನನ್ನೂ ಕಣ್ಣಿಗೆ ಕಾಣುವವರೆಗೆ ನೋಡಿದಳು. ಕೆಲವು ಪೇಟೆಯ ಕಡೆಗೆ ತಿರುಗಿದವು, ತಿರುಗಿದ್ದು ನಿಲ್ಲಲೋ ದಾಟಲೋ ಹೇಗೆ ಹೇಳುವುದು? ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ? ನಿಲ್ದಾಣ ಕಟ್ಟಿದರೆ ಲಾರಿಗಳು ಬಂದರೂ ಬಂದಾವು. ಊರಿಗೆ ಹಸಿವಿದೆ ಎಂದು ಎಲ್ಲರೂ ನಂಬಿದರೆ ಹಸಿವು ಬಂದರೂ ಬಂದೀತು. ಹಾಗೆಂದುಕೊಂಡು ಅವಳು ಸ್ವಲ್ಪ ದೂರ ಹಗುರವಾಗಿ ನಡೆದಳು. ಆಮೇಲೆ ಬಿಸಿಲಿಗೆ ನಿಲ್ಲಿಸಿದ್ದ ಮತ್ತಿಮರದ ಹಲಗೆಗಳು ಕಣ್ಣ ಮುಂದೆ ಬಂದವು. ನಿಲ್ದಾಣ ಖಾಲಿ ಬಿದ್ದರೆ ಅಧಿಕಾರಿಗಳು ಬೇರೆ ಊರಿಗೆ ಹೋಗುತ್ತಾರೆ, ರಘುನಂದನ್ ಬೇರೆ ವರದಿ ಬರೆಯುತ್ತಾರೆ, ತಾನೂ ಹೋಗುತ್ತೇನೆ. ಮಾವ ಆ ಹಲಗೆಗಳ ಜೊತೆ ಇಲ್ಲೇ ಕೂತಿರುತ್ತಾನೆ, ರಸ್ತೆ ನೋಡುತ್ತಾ. ಶ್ರೀರಂಗಪಟ್ಟಣದವರು ಇನ್ನೊಂದು ಸಲ ಕರೆಯುವುದಿಲ್ಲ. ಅವಳು ಸೀರೆ ಎತ್ತಿಹಿಡಿದು ಬೇಗಬೇಗ ಕಾಲು ಹಾಕಿದಳು.

ಮಾವ ಶೆಡ್ಡಿನ ಹೊರಗೆ, ಬಂಜರಿನ ಬೇಲಿಯ ಹತ್ತಿರ ಕಲ್ಲುಗಳನ್ನು ಇಟ್ಟು ಗುರುತು ಮಾಡುತ್ತಿದ್ದ.

"ಆಯ್ತಂತಲ್ಲವ್ವ! ಚೌಡಣ್ಣ ಪೋನ್ ಮಾಡಿದ್ದ. ನಮ್ಮುಡುಗಿ ಎದ್ದು ನಿಂತು ಮಾತಾಡಿದ್ಲಂತೆ, ಆಪೀಸರೇ ಚಪ್ಪಾಳೆ ಒಡುದ್ರಂತೆ. ಬಾ ಇಲ್ಲಿ, ಇದೊಂದು ಏಳು. ಆ ಹತ್ತು ಚಕ್ರದ್ದು ತಿರುಗಾಕೆ ಎಷ್ಟು ಜಾಗ ಬೇಕು? ಈ ಬೇಲಿ ಕಿತ್ತಾಕ್ಲಾ?"

"ಬೇಲಿ ಕೀಳಬ್ಯಾಡಿ ಮಾವ."

"ಅಷ್ಟ್ರಾಗೇ ತಿರುಗ್ತದಾ?"

"ಲಾರಿ ಇಲ್ಲಿ ನಿಲ್ಲಲ್ಲ ಮಾವ. ಅವು ಬೇರೆ ಎಲ್ಲೆಲ್ಲಿಗೋ ಹೋಗೋವು. ನಾನು ಕೇಳಿದ್ದಕ್ಕೆ ಹತ್ತಿರದ ಊರು ಹೇಳಿದ್ರು, ಅಜ್ಜಿ ಕತೇಲಿ ಹೇಳ್ತಾರಲ್ಲ ಹಾಗೆ. ಕೆಲವರು ಅದನ್ನೂ ಹೇಳಲಿಲ್ಲ. ಅದಕ್ಕೆ ನಾನೇ ಒತ್ತಿದೆ."

"ಏನ್ ಒತ್ತಿದೆ?"

"ಈ ಊರಿನ ಹೆಸರು."

ಮಾವನ ಕೈಯಲ್ಲಿದ್ದ ಕಲ್ಲು ಕೈಯಲ್ಲೇ ಉಳಿಯಿತು. "ಯಾಕವ್ವ?"

ಉತ್ತರ ಹುಡುಕಿದಳು. ಹುಡುಕಿದ ಕಡೆಯೆಲ್ಲ ಅರ್ಧರ್ಧ ಸಿಕ್ಕಿತು. "ಗೊತ್ತಿಲ್ಲ ಮಾವ. ಅಲ್ಲಿ ನಿಂತ್ರೆ ನಿಮ್ಮ ಶೆಡ್ಡು ಕಾಣ್ತಿತ್ತು."

"ಎಷ್ಟು ಲಾರಿಗಂಗೆ ಮಾಡ್ದೆ?"

"ಅದೂ ಗೊತ್ತಿಲ್ಲ."

"ನಿಮ್ಮ ಸಾಯೇಬ್ರಿಗೆ ಏಳ್ದಾ?"

"ಅರ್ಧ ಹೇಳ್ದೆ. ಇನ್ನರ್ಧ ನಾಳೆ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ." ಕೊನೆಯ ಮಾತು ಹೇಳುವಾಗಲೇ ಅದು ನಿಜವೋ ಅಲ್ಲವೋ ಎಂದು ಅವಳಿಗೆ ಅನುಮಾನ ಬಂತು. "ಮಾವ, ಶ್ರೀರಂಗಪಟ್ಟಣದವರಿಗೆ ಈಗ್ಲೇ ಫೋನ್ ಮಾಡಿ, ಬತ್ತೀನಿ ಅನ್ನಿ. ಸಂಜೆ ತನಕ ಹೊತ್ತಿದೆ ಅಂದಿದ್ರಲ್ಲ."

ಮಾವ ಕಲ್ಲನ್ನು ನೆಲಕ್ಕೆ ಹಾಕಲಿಲ್ಲ, ಬಗ್ಗಿ ಇಟ್ಟ. ಕೈಗಳನ್ನು ಲುಂಗಿಗೆ ಒರೆಸಿಕೊಂಡ.

"ಬ್ಯಾಡ ಅಂದ್ಬುಟ್ಟೆ ಕಣವ್ವ. ಮದ್ಯಾನಾನೇ. ನೀನು ಅತ್ಲಾಗೆ ಓದೆ, ನಾನು ಇತ್ಲಾಗೆ ಪೋನ್ ಮಾಡ್ದೆ. ಇನ್ಯಾಕೆ ಕಾಯೋದು ಅಂತ."

"ಮತ್ತೆ ಮಾಡಿ."

"ಪಾಂಡವಪುರದೋನು ಒಬ್ಬ ಇದ್ನಂತೆ. ಅವನ್ನೇ ಕರೀತೀವಿ ಬುಡಿ ಅಂದ್ರು. ಕರೆದಿರ್ತಾರೆ ಇಷ್ಟೊತ್ಗೆ." ಅವನು ರಸ್ತೆಯ ಕಡೆ ನೋಡಿದ. ತೆಂಗಿನಕಾಯಿ ಹೇರಿದ ಲಾರಿಯೊಂದು ಧೂಳೆಬ್ಬಿಸಿಕೊಂಡು ಹಾಯಿತು. ಅದು ಹೋಗುವವರೆಗೂ ಇಬ್ಬರೂ ಅದನ್ನೇ ನೋಡಿದರು.

ಅವನು ಬಯ್ಯುತ್ತಾನೆ ಎಂದು ಅವಳು ಕಾದಳು. ಬಯ್ದಿದ್ದರೆ ಅಳಬಹುದಿತ್ತು. ಅವನು ಬೇಲಿ ಬಿಟ್ಟು ಶೆಡ್ಡಿನೊಳಗೆ ಹೋದ. ಅವಳು ಹೋಗುವುದೋ ನಿಲ್ಲುವುದೋ ತಿಳಿಯದೆ ಬಾಗಿಲಲ್ಲಿ ನಿಂತಳು. ಒಳಗೆ ಯಾರದೋ ಟ್ರೈಲರಿನ ತಳಕ್ಕೆಂದು ತಂದ ಒಂದು ಉದ್ದ ಹಲಗೆ ಮೇಜಿನಿಂದ ಅರ್ಧ ಆಚೆಗೆ ಚಾಚಿಕೊಂಡಿತ್ತು. ಮಾವ ಉಜ್ಜುಗೊರಡು ಕೈಗೆತ್ತಿಕೊಂಡು, ಬಾಯಿಂದ ಊದಿ, ಹಲಗೆಯ ಮೇಲೆ ಇಟ್ಟ. ಹಲಗೆ ವಾಲಿತು.

"ಆ ತುದಿ ಇಡ್ಕ" ಎಂದ.

ಅವಳು ಬ್ಯಾಗನ್ನು ನೆಲದ ಮೇಲಿಟ್ಟು ತುದಿಯನ್ನು ಹಿಡಿದುಕೊಂಡಳು. ಎರಡೂ ಕೈಯಲ್ಲಿ ಹಿಡಿಯಬೇಕಿತ್ತು, ಅಷ್ಟು ಭಾರವಿತ್ತು. ಉಜ್ಜುಗೊರಡು ಅವಳ ಕಡೆಗೆ ಬಂತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ತೆಳ್ಳನೆಯ ಸುರುಳಿಗಳು ಅವಳ ಕಾಲಿನ ಮೇಲೆ, ಸೀರೆಯ ಅಂಚಿನ ಮೇಲೆ ಬಿದ್ದವು. ಮಾವ ಅವಳ ಮುಖ ನೋಡುತ್ತಿರಲಿಲ್ಲ, ಮರದ ಎಳೆಯನ್ನು ನೋಡುತ್ತಿದ್ದ. ಅದು ಕೋಪವೋ, ಸುಮ್ಮನೆ ಕೆಲಸವೋ, ತನ್ನನ್ನು ಹತ್ತಿರ ಇರಿಸಿಕೊಳ್ಳುವುದೋ, ದೂರ ಇರಿಸುವುದೋ? ತೋಳು ಸೋಲುತ್ತಿತ್ತು. ಹಿಡಿತ ಬದಲಾಯಿಸೋಣವೆಂದು ಒಂದು ಕೈ ಸಡಿಲ ಮಾಡಿದಳು. ಹಲಗೆ ಅದುರಿತು.

"ಬುಡಬ್ಯಾಡ" ಎಂದ ಮಾವ, ತಲೆಯೆತ್ತದೆ. "ಇನ್ನೂ ಐತೆ."